ಹಿಂದೆ ಬಿದ್ದ ಹುಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಗೌರಿಬಿದನೂರಿನ ಮನೆಯಲ್ಲಿ ಅದಕ್ಕಾಗಿ ಬೈಸಿಕೊಂಡಿದ್ದೇನೆ. ಚಿಂತಾಮಣಿಯ ಶಾಲೆಯಲ್ಲಿದ್ದಾಗ ಅದರಿಂದಲೇ ಒಳ್ಳೆಯ ಗೆಳತಿಯೊಬ್ಬಳ ಜೊತೆ ಮಾತು ಬಿಟ್ಟಿದ್ದೇನೆ. ಆದರೆ ದಿಬ್ಬೂರಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆಗೆ ಲೆಕ್ಕದ ಮೇಡಂ ಆಗಿ ಬಂದ ಮೇಲೆ ನನ್ನ ಕೈ ಹಿಡಿದದ್ದು ಆ ಸಿಟ್ಟೇ.

ಓದಲು ಮನಸ್ಸಿಲ್ಲದ ಮಕ್ಕಳು ಎಂದರೆ ಗಲಾಟೆ ಮಾಡುವವರು ಎಂದು ಹೊರಗಿನವರು ತಿಳಿದಿರುತ್ತಾರೆ. ಗಲಾಟೆ ಮಾಡಿದರೆ ಎಷ್ಟೋ ವಾಸಿ, ಜೀವ ಇದೆ ಎಂದಾದರೂ ಗೊತ್ತಾಗುತ್ತದೆ. ನಮ್ಮ ಹತ್ತನೇ ಕ್ಲಾಸಿನ ಹಿಂದಿನ ಬೆಂಚುಗಳು ಸದ್ದೇ ಮಾಡುವುದಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತಿರುಗಿ ನೋಡಿದರೆ ತಲೆಗಳು ಬೆಂಚಿನ ಮೇಲೆ ಮಲಗಿರುತ್ತವೆ. ಕೇಳಿದರೆ ಹೂಂ ಇಲ್ಲ, ಉಹೂಂ ಇಲ್ಲ. ಸ್ಟಾಫ್ ರೂಮಿನಲ್ಲಿ ಕೂತರೆ ಯಾರಾದರೊಬ್ಬರು ‘ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ’ ಎಂದು ಗಾದೆ ಹೇಳಿ ಟೀ ಕುಡಿಯುತ್ತಾರೆ. ಆ ಗಾದೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ವರ್ಷ ಹಾಗೆ ಮಲಗುತ್ತಿದ್ದ ತಲೆಗಳಲ್ಲಿ ಒಂದು, ಎರಡು ಜಡೆಯ ಹುಡುಗಿಯದು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುಗಳಿಗೆ ಹಾಕಿ ಬರುತ್ತಿದ್ದಳು. ಹಾಗಂತ ಸುಸ್ತಿನಿಂದ ಮಲಗುತ್ತಿದ್ದಳು ಎಂದು ಕನಿಕರ ಪಡಬೇಡಿ. ಆಟದ ಪೀರಿಯಡ್ಡಿನಲ್ಲಿ ಖೋಖೋ ಆಡುವಾಗ ಚಿಗರೆಯ ಹಾಗೆ ಓಡುತ್ತಿದ್ದಳು. ಲೆಕ್ಕ ಎಂದರೆ ಮಾತ್ರ ತಲೆ ಕೆಳಗೆ. “ಎದ್ದು ಕೂತ್ಕೊಳ್ಳೇ” ಎಂದರೆ ಎದ್ದು ಕೂತು, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದಳು.

ಜನವರಿಯಲ್ಲಿ ಹೆಡ್‌ಮಾಸ್ಟರು ಮೀಟಿಂಗ್ ಕರೆದರು. ಅವರು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಬೆಳೆದೇ ಬೆಳೆದ ಮನೆತನ. ಕೆಟ್ಟವರಲ್ಲ. ಆದರೆ ರಿಸಲ್ಟ್ ಎಂಬ ಭೂತ ಅವರ ಹೆಗಲೇರಿ ಕೂತಿತ್ತು. ಪಾಸಾಗದ ಮಕ್ಕಳು ಯಾರು ಯಾರು ಎಂದು ನೋಡಿ, ಹಾಜರಾತಿ ಕಡಿಮೆ ಇದೆ ಎಂದು ಮನೆಯವರಿಗೆ ಹೇಳಿ, ಈ ವರ್ಷ ಪರೀಕ್ಷೆಗೆ ಕೂರಿಸದೆ ಬಿಡೋಣ ಎಂದರು. ನಾನು ಆಗಲ್ಲ ಎಂದೆ.

“ಮೇಡಂ, ಹುಳ ಮೇಯಿಸೋರನ್ನ ಕೇಳಿ” ಎಂದರು ಅವರು. “ಹಿಂದೆ ಬಿದ್ದ ಹುಳನ ಆರಿಸಿ ಸುಣ್ಣಕ್ಕೆ ಹಾಕಿ ಸಾಯಿಸ್ತಾರೆ. ಇಲ್ದಿದ್ರೆ ಇಡೀ ಬೆಳೆ ಹೋಗುತ್ತೆ.”

“ಇವರು ಮಕ್ಕಳು ಸಾರ್.”

“ಫೇಲಾದ್ರೆ ನೋಟಿಸ್ ಬರೋದು ನಿಮಗೇ.”

“ಬರಲಿ ಸಾರ್. ಮನೆ ಅಡ್ರೆಸ್ ಗೊತ್ತಲ್ಲ.”

ರೇಷ್ಮೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಹಿಂದೆ ಬಿದ್ದ ಹುಳುವಿನ ಮಾತು ನಿಜವೋ ಸುಳ್ಳೋ ತಿಳಿಯಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲೆಲ್ಲ ಅದೇ ಕುಟುಕುತ್ತಿತ್ತು.

ಪೂರ್ವಸಿದ್ಧತಾ ಪರೀಕ್ಷೆಯ ದಿನ ಲೆಕ್ಕದ ಪೇಪರಿಗೆ ಆ ಹುಡುಗಿ ಬರಲೇ ಇಲ್ಲ. ಹುಳು ಹಣ್ಣಾಗಿವೆ, ಅದಕ್ಕೇ ಬಂದಿಲ್ಲ ಎಂದು ಪಕ್ಕದ ಮನೆಯ ಹುಡುಗಿ ಹೇಳಿದಳು. ತಿಂದು ಮುಗಿಸಿ ಗೂಡು ಕಟ್ಟಲು ತಯಾರಾದ ಹುಳುವನ್ನು ಇಲ್ಲಿ ಹಣ್ಣಾಗಿದೆ ಎನ್ನುತ್ತಾರೆ. ಅವತ್ತು ಮನೆಯ ಕೈಗಳೆಲ್ಲ ಬೇಕು. ಇರಬಹುದು, ಆದರೆ ನನಗೂ ನನ್ನ ಪರೀಕ್ಷೆ ಬೇಕು. ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ನಡೆದೆ.

ಹೊಲದ ಪಕ್ಕದಲ್ಲೇ ಶೀಟಿನ ಹುಳುಮನೆ. ಬಾಗಿಲಿಗೆ ಬಲೆ ಕಟ್ಟಿತ್ತು, ಹೊಸ್ತಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ನಾನು ಬಲೆ ಸರಿಸಿ ನೇರ ಒಳಗೆ ಕಾಲಿಟ್ಟೆ. ತಲೆಯಲ್ಲಿ ಮೊಳ ಮಲ್ಲಿಗೆ, ಮೈಗೆ ಘಂ ಎನ್ನುವ ಪೌಡರ್.

“ಮೇಡಂ, ಆಚೆ ಹೋಗಿ, ಆಚೆ” ಎಂದು ಹುಡುಗಿಯ ತಾಯಿ ಎರಡೂ ಕೈ ಚಾಚಿ ನನ್ನನ್ನು ಹೊರಗೆ ದಬ್ಬಿದಳು. “ಈ ವಾಸ್ನೆ ಹುಳಕ್ಕೆ ಆಗಲ್ಲ. ತಪ್ಪು ತಿಳ್ಕೋಬೇಡಿ.” ಆಮೇಲೆ ಮಗಳಿಗೆ ತೆಲುಗಿನಲ್ಲಿ, “ನೀಳ್ಳು ತೇಮ್ಮಾ” ಎಂದಳು.

ಹುಡುಗಿ ಬಕೆಟ್ಟಿನಲ್ಲಿ ನೀರು ತಂದಿಟ್ಟಳು. ತುಟಿಯಂಚಿನಲ್ಲಿ ನಗು. ವರ್ಷವಿಡೀ ಅವಳನ್ನು ಎಬ್ಬಿಸಿ ನಿಲ್ಲಿಸಿದವಳು ನಾನು. ಈಗ ಅವಳ ಮುಂದೆ ಮುಖ, ಕೈಕಾಲು ತೊಳೆದು, ಮಲ್ಲಿಗೆ ಬಿಚ್ಚಿ ಬೇಲಿಗೆ ಸಿಕ್ಕಿಸಿ, ಬರಿಗಾಲಲ್ಲಿ ನಿಂತೆ. ಅವಮಾನವಾಯಿತೇ ಎಂದರೆ, ಆಯಿತು. ಆದರೆ ಹಿಂದಿರುಗಲಿಲ್ಲ.

ಒಳಗೆ ಹುಡುಗಿ ತಟ್ಟೆಗಳಿಂದ ಹಣ್ಣು ಹುಳುಗಳನ್ನು ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ಚಾಪೆಯ ಸುರುಳಿಗಳಲ್ಲಿ ಬಿಡುತ್ತಿದ್ದಳು. ಗೂಡು ಕಟ್ಟುವುದು ಅದರಲ್ಲೇ. ಬೆರಳುಗಳು ಸರಸರ ಓಡುತ್ತಿದ್ದವು. ನಾನು ಪಕ್ಕದಲ್ಲಿ ಕೂತು, ಯಾಕೆ ಬರಲಿಲ್ಲ ಎಂದು ಕೇಳಿದೆ.

“ಬಂದೇನ್ಮಾಡ್ಲಿ ಮೇಡಂ? ಹೆಡ್‌ಮಾಸ್ಟ್ರು ನಮ್ಮಪ್ಪಂಗೆ ಫೋನ್ ಮಾಡಿದ್ರು. ಇವಳಿಗೆ ಆಗಲ್ಲ, ಈ ವರ್ಷ ಬಿಡ್ಸಿ ಅಂದ್ರು. ಅವರೇ ಅಂದ್ಮೇಲೆ ನೀವ್ಯಾಕೆ ಸುಮ್ನೆ ಗಂಟಲು ಹರ್ಕೋತೀರಾ?”

ನನಗೆ ಕಣ್ಣಿಗೆ ಕತ್ತಲೆ ಬರುವಷ್ಟು ಕೋಪ ಬಂತು. ಅವಳ ಮೇಲಲ್ಲ. ಗೋರ್ಕಲ್ಲು ಗೋರ್ಕಲ್ಲು ಎಂದು ಹೇಳಿ ಹೇಳಿ ನಾವೇ ಈ ಮಕ್ಕಳನ್ನು ಕಲ್ಲು ಮಾಡಿದ್ದೆವಲ್ಲ, ಅದಕ್ಕೆ.

ಆಗ ಮೂಲೆಯಲ್ಲಿದ್ದ ಒಂದು ತಟ್ಟೆ ಕಂಡಿತು. ಅದರಲ್ಲಿದ್ದ ಹುಳುಗಳು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಅವು ಹಿಂದೆ ಬಿದ್ದವಾ ಎಂದೆ. ಹೂಂ ಎಂದಳು. ಸುಣ್ಣಕ್ಕೆ ಯಾಕೆ ಹಾಕಿಲ್ಲ ಎಂದೆ. ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು.

“ರೋಗ ಬಂದಿದ್ನ ಹಾಕ್ತೀವಿ. ಇವಕ್ಕೇನಾಗೈತೆ? ತಡ ಅಷ್ಟೆ. ಇನ್ನೊಂದೆರಡು ಸಲ ಸೊಪ್ಪು ಹಾಕಿದ್ರೆ ಇವೂ ಕಟ್ತವೆ.”

ಕಥೆಯಾಗಿದ್ದರೆ ಇಲ್ಲಿ ಅವಳ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ. ಆಕಳಿಸಿ ಇನ್ನೊಂದು ತಟ್ಟೆ ಎಳೆದುಕೊಂಡಳು. ನಾನೇ ಅವಳ ತಾಯಿಗೆ ಹೇಳಿದೆ, “ಇವಳು ಪರೀಕ್ಷೆಗೆ ಕೂತ್ಕೋತಾಳಮ್ಮ. ಹೆಡ್‌ಮಾಸ್ಟರ್ ಹತ್ರ ನಾನು ಮಾತಾಡ್ತೀನಿ.” ತಾಯಿ ಮಗಳ ಮುಖ ನೋಡಿದಳು. “ಫೇಲಾದ್ರೆ ನನ್ನನ್ನ ಕೇಳ್ಬೇಡಿ” ಎಂದಳು ಹುಡುಗಿ.

ಹೆಡ್‌ಮಾಸ್ಟರ ಜೊತೆ ದೊಡ್ಡ ಜಗಳವೇ ಆಯಿತು. ಕೊನೆಗೆ, “ನಿಮ್ಮ ಹಣೆಬರಹ” ಎಂದು ಹಾಲ್ ಟಿಕೆಟ್ ಕೊಟ್ಟರು. ಅವಳು ಪರೀಕ್ಷೆಗೆ ಕೂತಳು. ಲೆಕ್ಕದಲ್ಲಿ ಫೇಲಾದಳು.

ರಿಸಲ್ಟ್ ಬಂದ ದಿನ ಹೆಡ್‌ಮಾಸ್ಟರು ಅವಳ ಎದುರಿಗೇ, “ನಾನು ಮೊದಲೇ ಹೇಳಿರ್ಲಿಲ್ವಾ?” ಎಂದರು. ಮೇಲಿನಿಂದ ನನಗೆ ನೋಟಿಸ್ ಬಂತು, ಫಲಿತಾಂಶ ಕಡಿಮೆಯಾದದ್ದಕ್ಕೆ ಕಾರಣ ಕೊಡಿ ಎಂದು. ನಾನು ಒಂದೇ ಸಾಲು ಬರೆದೆ: ‘ಇವರು ತಡವಾಗಿದ್ದಾರೆ, ಎಸೆಯಬೇಕಾದವರಲ್ಲ.’ ಹೆಡ್‌ಮಾಸ್ಟರು ಓದಿದರು. ಹುಳು ಸಾಕಿದ ಮನೆಯವರಲ್ಲವೇ, ಅರ್ಥವಾಯಿತು.

“ಇದನ್ನ ಹೆಂಗೆ ಮೇಲಕ್ಕೆ ಕಳ್ಸೋದು ಮೇಡಂ?”

“ಹಂಗೇ ಕಳಿಸಿ ಸಾರ್.”

ಬೇಸಿಗೆ ರಜೆಯಲ್ಲಿ ಮರುಪರೀಕ್ಷೆಗೆ ತರಗತಿ ತೆಗೆದೆ. ಮೊದಲ ದಿನ ಖಾಲಿ ಬೆಂಚುಗಳ ಮುಂದೆ ಒಬ್ಬಳೇ ಕೂತಿದ್ದೆ. ಇನ್ನೇನು ಬಾಗಿಲು ಹಾಕಬೇಕು, ಅವಳು ಬಂದಳು. ಪುಸ್ತಕವನ್ನು ದಡಾರನೆ ಬೆಂಚಿಗೆ ಕುಕ್ಕಿದಳು.

“ಓದಬೇಕು ಅಂತ ಆಸೆ ಬಂದಿಲ್ಲ ಮೇಡಂ. ಹೆಡ್‌ಮಾಸ್ಟ್ರು ಹಂಗಂದ್ರಲ್ಲ, ಅವರ ಮುಂದೆ ಒಂದ್ಸಲ ಪಾಸಾಗ್ಬೇಕು. ಆಮೇಲೆ ಲೆಕ್ಕದ ಮುಖ ನೋಡಲ್ಲ.”

“ನೋಡ್ಬೇಡ ಕಣೇ” ಎಂದೆ. “ಈಗ ಕೂತ್ಕೋ.”

ಅವಳ ಸಿಟ್ಟು ನನ್ನ ಸಿಟ್ಟಿನ ಜಾತಿಯದೇ. ಅದಕ್ಕೆ ಹೇಗೆ ಸೊಪ್ಪು ಹಾಕಬೇಕೆಂದು ನನಗೆ ಗೊತ್ತಿತ್ತು. ಪಾಸಾದಳು, ಅಂಚಿನಲ್ಲಿ. ಮಾರ್ಕ್ಸ್ ಕಾರ್ಡನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಇಟ್ಟು, ಅವರು ನೋಡುವವರೆಗೂ ಅಲ್ಲಾಡದೆ ನಿಂತಿದ್ದಳು. ಹೇಳಿದ ಹಾಗೆಯೇ ಲೆಕ್ಕ ಬಿಟ್ಟು ಶಿಡ್ಲಘಟ್ಟದಲ್ಲಿ ಬೇರೆ ಏನೋ ಓದುತ್ತಿದ್ದಾಳೆ. ದಾರಿಯಲ್ಲಿ ಸಿಕ್ಕರೆ ನಗುತ್ತಾಳೆ, ಲೆಕ್ಕದ ಸುದ್ದಿ ಎತ್ತುವುದಿಲ್ಲ.

ಈ ಜನವರಿಯಲ್ಲಿ ಮತ್ತೆ ಅದೇ ಮೀಟಿಂಗ್. “ನಿಮ್ಮ ಸಬ್ಜೆಕ್ಟಲ್ಲಿ ಪರೀಕ್ಷೆ ಬಿಡಿಸಬೇಕಾದೋರು ಯಾರಿದ್ದಾರೆ ಮೇಡಂ?” ಎಂದರು ಹೆಡ್‌ಮಾಸ್ಟರು, ನನ್ನ ಮುಖ ನೋಡದೆ.

“ಯಾರೂ ಇಲ್ಲ ಸಾರ್.”

ಅವರು ಮುಂದಿನ ಸಬ್ಜೆಕ್ಟಿಗೆ ಹೋದರು. ನಾನು ಎದ್ದು ಕ್ಲಾಸಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಈ ವರ್ಷದ ತಲೆಗಳು ಮಲಗಿದ್ದವು. ಸೀಮೆಸುಣ್ಣ ಕೈಗೆತ್ತಿಕೊಂಡು, “ಏಳ್ರಪ್ಪ, ಏಳ್ರಮ್ಮ” ಎಂದೆ.