ಗೂಟಕ್ಕೆ ನೇತುಹಾಕಿದ ರಬ್ಬರ್ ಉಂಗುರಗಳು

ಚನ್ನಪಟ್ಟಣದ ಸುತ್ತ ಕೊಳವೆಬಾವಿ ಕೊರೆಸಿದರೆ ನೀರು ಸಿಗುವುದೇ ಕಷ್ಟ, ಎಣ್ಣೆ ಎಲ್ಲಿಂದ ಬರಬೇಕು? ಆದರೂ ದೂರದ ತೈಲಬಾವಿಗಳ ಬಾಯಿಗೆ ಕೂರಿಸುವ ಭಾರಿ ವಾಲ್ವ್‌ಗಳು ಲಾರಿಯಲ್ಲಿ ಬಂದು ಊರಾಚೆಯ ಶೆಡ್ಡೊಂದರಲ್ಲಿ ರಿಪೇರಿಗೆ ಇಳಿಯುತ್ತಿದ್ದವು. ಅವುಗಳೊಳಗೆ ಹಾಕುವ ರಬ್ಬರ್ ಉಂಗುರಗಳನ್ನು ಜೋಪಾನ ಮಾಡುವುದು ಚನ್ನಬಸಮ್ಮನ ಕೆಲಸ. ಅಷ್ಟು ದೊಡ್ಡ ಕಬ್ಬಿಣದಿಂದ ಅನಿಲ ಸೋರದಂತೆ ತಡೆಯುವುದು ಬಳೆಯಷ್ಟು ದಪ್ಪದ ಆ ಉಂಗುರವೇ.

ಆಕೆ ಮೊದಲು ಹದಿನೆಂಟು ವರ್ಷ ಮರದ ಬಳೆಗೆ ಅರಗು ಹಚ್ಚುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ರಾಶಿ ಹಾಕಿದರೆ ಬಣ್ಣಕ್ಕೆ ಗೀರು ಬೀಳುತ್ತದೆಂದು ಬಳೆಗಳನ್ನು ಗೂಟಕ್ಕೆ ನೇತುಹಾಕುವುದು ವಾಡಿಕೆ. ಆ ಕಾರ್ಖಾನೆ ಮುಚ್ಚಿದ ಮೇಲೆ ಆಕೆ ಶೆಡ್ಡಿಗೆ ಬಂದಳು, ಕೈಯ ಅಭ್ಯಾಸವೂ ಜೊತೆಗೇ ಬಂತು. ಉಂಗುರಗಳನ್ನು ಕವರಿನಲ್ಲೇ, ಬಿಸಿಲು ತಾಗದಂತೆ, ಮಟ್ಟಸವಾಗಿ ಮಲಗಿಸಿಡಬೇಕಂತೆ. ಅದನ್ನು ಇಂಗ್ಲಿಷಿನಲ್ಲಿ ಬರೆದು ಗೋಡೆಗೆ ಅಂಟಿಸಿದ ಮಹಾನುಭಾವರು, ಕೆಲಸ ಮಾಡುವವಳಿಗೆ ಒಂದು ಮಾತು ಹೇಳಲಿಲ್ಲ. ಆಕೆ ಅಳತೆಗೆ ತಕ್ಕಂತೆ ಗೂಟ ಹೊಡೆಸಿ, ಚಂದವಾಗಿ ನೇತುಹಾಕಿದಳು. ತಿಂಗಳುಗಟ್ಟಲೆ ನೇತಾಡಿದ ರಬ್ಬರು ಗೂಟ ತಾಗಿದ ಕಡೆ ಸೊಟ್ಟಗಾಗುತ್ತದೆ ಎಂದು ಆಕೆಗೇನು ಗೊತ್ತು?

ಆ ಉಂಗುರವನ್ನು ವಾಲ್ವಿಗೆ ತೊಡಿಸಿ, ನೀರು ತುಂಬಿ, ಒತ್ತಡ ಕೊಟ್ಟು ಪರೀಕ್ಷೆ ಮಾಡುವವನು ವಾಸಿಂ. ಚನ್ನಬಸಮ್ಮನನ್ನು ಬಾಯಿತುಂಬ ಅಕ್ಕಾ ಎನ್ನುತ್ತಿದ್ದ ಹುಡುಗ. ಸೊಟ್ಟಗಿವೆ ಎಂದು ಅವನು ಎರಡು ಸಲ ಉಂಗುರ ವಾಪಸ್ ಕಳಿಸಿದ. ಮ್ಯಾನೇಜರ್ ಉದಯಶಂಕರ್ ಕಾರಣ ಹುಡುಕುವ ಗೋಜಿಗೇ ಹೋಗದೆ, "ಇನ್ನೊಂದ್ ಸಲ ವಾಪಸ್ ಬಂದ್ರೆ ನೀವು ಮನೇಲೇ ಇದ್ಬುಡಿ" ಎಂದು ಎಲ್ಲರೆದುರು ಆಕೆಯನ್ನು ಗದರಿದ. ಗದರುವುದೇ ಕೆಲಸ ಎಂದುಕೊಂಡವನು.

ಅದಾದ ವಾರಕ್ಕೆ, ಒತ್ತಡ ಕೊಡುತ್ತಿದ್ದಾಗ ಉಂಗುರ ಜಾರಿ ಹರಿದು, ಸೂಜಿಯಷ್ಟು ಸಣ್ಣಗೆ ಚಿಮ್ಮಿದ ನೀರು ವಾಸಿಂನ ಬಲಗೈಯನ್ನು ಸೀಳಿತು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಉಂಗುರ ಕೂರಿಸಿದ್ದು ಸರಿಯಿಲ್ಲ, ತಪ್ಪು ವಾಸಿಂನದೇ ಎಂದು ಶೆಡ್ಡಿನವರು ಬರೆದುಕೊಂಡರು.

ಚನ್ನಬಸಮ್ಮ ಆ ಹರಿದ ಉಂಗುರವನ್ನು ಕೈಗೆತ್ತಿಕೊಂಡು ಬೆರಳಾಡಿಸಿದಳು. ಒಂದು ಕಡೆ ತಗ್ಗು. ಗೂಟದ ಮೇಲಿದ್ದವನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲದರಲ್ಲೂ ಅದೇ ತಗ್ಗು. ಗೂಟ ತಾಗಿದ ಕಡೆಯೇ. ಮೂರು ದಿನ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು. ನಾಲ್ಕನೆಯ ದಿನ ಮ್ಯಾನೇಜರ ಮುಂದೆ ನಿಂತು ತಪ್ಪು ತನ್ನದೆಂದಳು. ಅವತ್ತೇ ಕೆಲಸದಿಂದ ತೆಗೆದರು. ಹೋದರೆ ಹೋಯಿತು, ಹುಡುಗನ ಮೇಲಿನ ಅಪವಾದ ಕಳೆಯಿತಲ್ಲ ಎಂದುಕೊಂಡು ನೇರವಾಗಿ ಅವನ ಮನೆಗೇ ನಡೆದಳು.

ವಾಸಿಂ ಮಂಚದ ಮೇಲೆ ಕೂತಿದ್ದ. ಕೈತುಂಬ ಬ್ಯಾಂಡೇಜು.

"ತಪ್ಪು ನಂದೇ ಅಂತ ಹೇಳ್ಬುಟ್ಟು ಬಂದೆ ಕಣಪ್ಪ. ಗೂಟಕ್ಕೆ ನೇತಾಕಿ ನಾನೇ ಸೊಟ್ಟಗ್ ಮಾಡಿದ್ದೆ. ಕೆಲ್ಸ ಹೋಯ್ತು, ಹೋಗ್ಲಿ ಬುಡು. ನಿನ್ ಹೆಸ್ರು ಉಳೀತಲ್ಲ."

ವಾಸಿಂ ಬ್ಯಾಂಡೇಜಿನ ಕೈಯನ್ನು ಮಡಿಲಿಗೆಳೆದುಕೊಂಡ. ಅವನ ಕಣ್ಣು ತುಂಬಿಬಂತು.

"ಯಾಕಕ್ಕಾ ಹೇಳ್ದೆ? ಅದು ಸೊಟ್ಟಗೈತೆ ಅಂತ ನಂಗೆ ತೊಡ್ಸೋವಾಗ್ಲೇ ಗೊತ್ತಿತ್ತು. ವಾಪಸ್ ಕಳ್ಸಿದ್ರೆ ನಿನ್ ಕೆಲ್ಸ ಹೋಯ್ತಿತ್ತಲ್ಲ, ಒಂದ್ ಟೆಸ್ಟಿಗೆ ತಡ್ಕಂತದೆ ಅನ್ಕಂಡು ಹಾಕ್ಬುಟ್ಟೆ."

ಚನ್ನಬಸಮ್ಮ ಅವನ ಕಾಲ ಬಳಿ ನೆಲದ ಮೇಲೆ ಕೂತಳು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.