ನಮ್ಮೋರೇ, ದಾರಿ!

ಹೊತ್ತು ಮೂಡುವ ಮುಂಚೆಯೇ ಸಗಟು ತರಕಾರಿ ಮಾರುಕಟ್ಟೆಯ ಇಕ್ಕಟ್ಟಾದ ಓಣಿಯಲ್ಲಿ ಆಲೂಗಡ್ಡೆ ಮೂಟೆಯೊಂದು ನಡೆದು ಬರುತ್ತಿದೆ. ಮೂಟೆಯ ಕೆಳಗೆ ಬಟ್ಟೆಯ ಸಿಂಬಿ, ಅದರ ಕೆಳಗೆ ಬಗ್ಗಿದ ಕತ್ತು. ‘ನಮ್ಮೋರೇ, ದಾರಿ!’ ಎಂಬ ಕೂಗು ಕೇಳಿದ್ದೇ ತಡ, ಎದುರಿದ್ದವರೆಲ್ಲ ಗೋಡೆಗೆ ಒತ್ತಿಕೊಳ್ಳುತ್ತಾರೆ. ಕೂಗಿದವರು ಗಂಟಲಕ್ಕ. ಹೆತ್ತವರು ಇಟ್ಟ ಹೆಸರು ಇಲ್ಲಿ ಯಾರಿಗೂ ಬೇಕಾಗಿಲ್ಲ.

ಮೂಟೆ ಹೊತ್ತವರಿಗೆ ಎದುರಿನವರ ಮುಖ ಕಾಣುವುದಿಲ್ಲ, ಕಾಣುವುದು ಪಾದ ಮಾತ್ರ. ಚಪ್ಪಲಿ ನೋಡಿ ಅಣ್ಣ, ಅಕ್ಕ ಎಂದು ಅಂದಾಜಿನ ಮೇಲೆ ಕೂಗುವುದು ಹಮಾಲರ ರೂಢಿ. ಗಂಟಲಕ್ಕನೂ ಹಾಗೇ ಕೂಗುತ್ತಿದ್ದರು, ಭುಜದ ಮೂಳೆ ಮುರಿಯುವ ತನಕ. ಆ ಕಥೆಯನ್ನು ಪತ್ರಿಕೆಗೆ ಬರೆಯಲು ಬಂದ ನನಗೆ ಅವರೇ ಹೇಳುತ್ತಾರೆ:

“ದಪ್ಪ ಬೂಟು ಕಂಡ್ವು. ‘ಅಣ್ಣಾ, ಜರುಗಿ’ ಅಂದೆ. ಅಲ್ಲಾಡ್ಲೇ ಇಲ್ಲ. ಲಾರಿ ಓಡಿಸೋ ಹೆಣ್ಣುಮಗಳಂತೆ. ಬೇರೆ ಯಾರಿಗೋ ಹೇಳ್ತಿದಾರೆ ಅಂದ್ಕೊಂಡ್ರು, ಪಾಪ. ಇಬ್ರೂ ಒಟ್ಟಿಗೇ ಬಿದ್ವಿ.”

ವಾಸಿಯಾಗಿ ಬಂದವರು ಗಂಡು ಹೆಣ್ಣೆನ್ನದೆ ಎಲ್ಲರನ್ನೂ ‘ನಮ್ಮೋರೇ’ ಎನ್ನತೊಡಗಿದರು. ಜೊತೆಯವರು ಆಡಿಕೊಂಡು ನಕ್ಕರು. ಅದೇ ಮಾರುಕಟ್ಟೆಯಲ್ಲಿ ಕಾವಲುಗಾರನಾಗಿರುವ ಗಂಡ ಇವತ್ತಿಗೂ ರೇಗಿಸುವುದು ಬಿಟ್ಟಿಲ್ಲ: “ಹೆಂಡ್ತಿ ನಮ್ಮೋರು ಅಂದ್ರೆ ನಾನೊಬ್ನೇ ಅಂದ್ಕೊಂಡಿದ್ದೆ. ಈಗ ನೋಡಿ, ಇಡೀ ಮಾರ್ಕೆಟ್ಟೇ ಇವಳೋರು!” ನಕ್ಕವರೂ ಈಗ ಅದನ್ನೇ ಕೂಗುತ್ತಾರೆ. ಅದನ್ನು ಹೇಳುವಾಗ ಗಂಟಲಕ್ಕನ ದನಿ ಇನ್ನೊಂದು ಸುತ್ತು ಏರುತ್ತದೆ.

ಆದರೆ ಆ ಕೂಗಿಗೇ ಈಗ ಕುತ್ತು ಬಂದಿದೆ. ಗದ್ದಲ ಸಾಕು, ಇನ್ನು ಮೇಲೆ ಎಲ್ಲರೂ ಸೀಟಿ ಊದಬೇಕು, ಊದದವರಿಗೆ ಓಣಿಯಲ್ಲಿ ಕೆಲಸವಿಲ್ಲ ಎಂದು ಹೊಸ ಮ್ಯಾನೇಜರ್ ಅಪ್ಪಣೆ ಮಾಡಿದ್ದಾರೆ. ಪರೀಕ್ಷೆ ಇವತ್ತೇ. ಗಂಟಲಕ್ಕ ಮುಖ ಗಂಟಿಕ್ಕಿಕೊಂಡೇ ಸೀಟಿ ಕಚ್ಚಿಕೊಂಡು ಮುಂದಿನ ಮೂಟೆ ಎತ್ತಿಸಿಕೊಳ್ಳುತ್ತಾರೆ.

ಸೀಟಿ ಕಿರ್ರೆನ್ನುತ್ತದೆ. ಜನ ಜರುಗುವ ಬದಲು ಬೆಚ್ಚಿ ನಿಂತು ಅತ್ತಿತ್ತ ನೋಡುತ್ತಾರೆ. ಓಣಿಯ ನಟ್ಟನಡುವೆ ಚಹಾ ಮಾರುವವರು ಕುದಿಯುವ ಕೆಟಲ್ ಹಿಡಿದು ಹಾಗೇ ನಿಂತುಬಿಟ್ಟಿದ್ದಾರೆ. ಇಳಿಜಾರಿನಲ್ಲಿ ಮೂಟೆಯ ಭಾರ ಗಂಟಲಕ್ಕನನ್ನು ಮುಂದಕ್ಕೆ ದಬ್ಬುತ್ತಿದೆ. ಸೀಟಿ ಉಗಿದು ಅವರು ಕೂಗುತ್ತಾರೆ: “ನಮ್ಮೋರೇ, ದಾರಿ!”

ಕೆಟಲ್ ಗೋಡೆಗೆ ಸರಿಯುತ್ತದೆ. ಮೂಟೆ ಅದರ ಪಕ್ಕದಲ್ಲೇ ಹಾದುಹೋಗುತ್ತದೆ. ಪಕ್ಕದಲ್ಲೇ ನಿಂತು ಪರೀಕ್ಷೆ ನೋಡುತ್ತಿದ್ದ ಮ್ಯಾನೇಜರ್ ಹಮಾಲರಿಂದ ಸೀಟಿಗಳನ್ನೆಲ್ಲ ವಾಪಸು ಕೇಳಿ ಪಡೆಯುತ್ತಾರೆ.

ಚಹಾದವರು ಕೆಟಲ್ ಕೆಳಗಿಡುತ್ತಾರೆ. ಉದ್ದ ಕೂದಲು, ಗಡಸು ದನಿ. ಅವರು ಹೇಳುತ್ತಾರೆ: “ನನ್ನನ್ನ ಅಣ್ಣ ಅಂತ ಅರ್ಧ ಜನ ಕರೀತಾರೆ, ಅಕ್ಕ ಅಂತ ಇನ್ನರ್ಧ. ಕರೆದು ಕಿಸಕ್ಕಂತ ನಗೋರೇ ಜಾಸ್ತಿ. ಅದಕ್ಕೇ ಯಾರು ಕರೆದ್ರೂ ಕೇಳಿಸ್ದೋರ ಥರ ಇರ್ತೀನಿ. ‘ನಮ್ಮೋರೇ’ ಅಂತ ಕರೆದ್ರೆ ಮಾತ್ರ ಜರುಗ್ತೀನಿ.”

ಈ ಮಾತನ್ನು ಗಂಟಲಕ್ಕನಿಗೆ ಮುಟ್ಟಿಸುತ್ತೇನೆ. ಅವರು ಸಿಂಬಿ ಬಿಚ್ಚಿ ಬೆವರು ಒರೆಸಿಕೊಂಡು, ಬೇಡಬೇಡವೆಂದರೂ ಬರುವ ನಗುವನ್ನು ಆ ಬಟ್ಟೆಯಲ್ಲೇ ಮುಚ್ಚಿಕೊಳ್ಳುತ್ತಾರೆ.

“ನಾನೇನ್ ಮಹಾ ಮಾಡ್ದೆ ಬಿಡಿ. ಆದ್ರೆ ಒಂದು ಮಾತು ಬರ್ಕೊಳ್ಳಿ. ಇಷ್ಟು ವರ್ಷದಲ್ಲಿ ನನ್ನ ಕೂಗಿಗೆ ಯಾರೂ ‘ನನ್ನನ್ನಾ ಕರೆದಿದ್ದು?’ ಅಂತ ಕೇಳಿಲ್ಲ.”