ಡಿಪೋ ಪಕ್ಕದ ಬಾವಿ

ಅತ್ತೆಯ ಬಾವಿಗೆ ಎಣ್ಣೆ ಇಳಿಯುವುದು ಆಗದ ಮಾತು ಎಂದವರು ಡೀಸೆಲ್ ಡಿಪೋ ಇದ್ದ ಜಾಗದ ಸಾಹುಕಾರರು. "ಕೆಳಗ ಬರೇ ಕಲ್ಲದ. ಕಲ್ಲು ಎಣ್ಣಿ ಕುಡೀತದೇನು?" ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಹೆಬ್ಬಟ್ಟಿನ ಮನಿತನದಾಕಿ ನೀ, ನೀರಿನ ಪರೀಕ್ಷಾ ಮಾಡಾಕಿ?" ಎಂದರು. ಪಕ್ಕದಲ್ಲಿ ನಿಂತಿದ್ದ ಅತ್ತೆ ತನ್ನ ಅಂಗೈ ನೋಡಿಕೊಂಡಳು.

ಆ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಬೂದಿ, ಹುಣಸೆಹಣ್ಣು, ತೆಂಗಿನ ನಾರು ಸೇರಿ ಅವನ್ನು ತಿಂದುಹಾಕಿದ್ದವು. ಗಾಣಗಾಪುರದಲ್ಲಿ ಕೈ ನೋಡಿ ಹೇಳುವವನೊಬ್ಬ, "ಓದಾಕ ಏನೂ ಇಲ್ಲಲ್ಲ ಯವ್ವಾ" ಎಂದಾಗ, "ನನಗೂ ಓದಾಕ ಬರಂಗಿಲ್ಲ, ನಿನಗೂ ಬರಂಗಿಲ್ಲ, ಸರಿಹೋತು ಬಿಡು" ಎಂದು ಕೈ ಬಿಡಿಸಿಕೊಂಡು ಬಂದವಳು ಅವಳು.

ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಅಫಜಲಪುರದ ಕಡೆಯಿಂದ ಗಾಣಗಾಪುರಕ್ಕೆ ಹೋಗುವ ರಸ್ತೆಯ ಅಂಚಿನ ಮನೆಯಲ್ಲಿ ಒಬ್ಬಳೇ ಇದ್ದಳು. ದತ್ತನ ದರ್ಶನಕ್ಕೆ ನಡೆದು ಹೋಗುವವರಿಗಾಗಿ ಬೇವಿನ ಗಿಡದ ಕೆಳಗೆ ಅರವಟಿಗೆ ಇಟ್ಟಿದ್ದಳು. ಎರಡು ಮಣ್ಣಿನ ಹರವಿ, ನಾಲ್ಕು ತಾಮ್ರದ ಕೊಡ, ಒಂದು ತಂಬಿಗೆ. "ಬಾಯಾರಿಕಿಗಿ ಕುಲ ಇಲ್ಲ" ಎನ್ನುತ್ತಿದ್ದಳು. ನೀರು ಕೊಟ್ಟು, ಕುಡಿದವರ ಮುಖವನ್ನೇ ನೋಡುತ್ತ ನಿಲ್ಲುವಳು. ಅವರು ಉಸ್ಸಪ್ಪಾ ಎಂದರೆ ಸಾಕು, ಆ ದಿನದ ಊಟ ಆದಂತೆ.

ನಾನು ಪಿಯುಸಿ ಮುಗಿಸಿದಾಗ ಮನೆಯಲ್ಲಿ ಸಾಕು ಅಂದರು. ನಮ್ಮೂರು ನಿಂಬರ್ಗಾದಲ್ಲಿ ಅವ್ವ, ಅಪ್ಪ ಇಬ್ಬರೂ ಪರರ ತೊಗರಿ ಹೊಲಕ್ಕೆ ಹೋಗುವವರು, ಅವರದೂ ತಪ್ಪಲ್ಲ. ಅತ್ತೆ ಬಂದು ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಹುಡುಗಿ ನನ್ನ ಮನ್ಯಾಗ ಇರ್ತಾಳ. ಬಸ್ಸು ನನ್ನ ಬಾಗಿಲಿಗೇ ನಿಂದರತದ. ನೀ ಹ್ಞೂಂ ಅನ್ನೂದಷ್ಟೇ ಬಾಕಿ ಅದ ನೋಡಲೇ." ಅಪ್ಪ ಹ್ಞೂಂ ಅಂದ. ಡಿಗ್ರಿ ಮುಗಿಸಿದೆ. ಆಮೇಲೆ ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಹೋಗಿ ಭೂವಿಜ್ಞಾನ ಓದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಅತ್ತೆಯ ಬಾವಿಯ ಪಕ್ಕದಲ್ಲೇ ಹಳೆಯ ಡೀಸೆಲ್ ಡಿಪೋ. ನಾನು ಸಣ್ಣವಳಿದ್ದಾಗಲೇ ಅದು ಮುಚ್ಚಿತ್ತು. ಮೇಲಿನ ತಗಡೆಲ್ಲ ಗುಜರಿಗೆ ಹೋಯಿತು, ನೆಲದೊಳಗಿನ ಟ್ಯಾಂಕುಗಳು ಅಲ್ಲೇ ಉಳಿದವು. ಕೆಲ ವರ್ಷಗಳ ನಂತರ, ಮಳೆ ಬಿದ್ದು ಬಾವಿ ಏರಿದಾಗಲೆಲ್ಲ ನೀರಿಗೆ ಒಂದು ವಾಸನೆ ಬರತೊಡಗಿತು.

ದಾರಿಹೋಕಳೊಬ್ಬಳು ಒಂದು ಗುಟುಕು ಕುಡಿದು ಉಳಿದದ್ದನ್ನು ಚೆಲ್ಲಿ, "ಯಾಕಬೇ, ಚಿಮಣಿ ಎಣ್ಣಿ ಕೊಡದಾಗ ನೀರ ತುಂಬೀಯೇನು? ತಿಕ್ಕಾಕ ಬ್ಯಾಸರೇನು?" ಎಂದಳು. ಅತ್ತೆ ಅದನ್ನು ಮರೆಯಲಿಲ್ಲ. ಅಂದಿನಿಂದ ಶುರುವಾಯಿತು ತಿಕ್ಕುವುದು. ಬೆಳಿಗ್ಗೆ ತಿಕ್ಕುವಳು, ಸಂಜೆ ತಿಕ್ಕುವಳು. ಮೂಗಿಗೆ ಹಿಡಿದು ಮೂಸಿ, ನನ್ನ ಮೂಗಿಗೂ ಹಿಡಿಯುವಳು. "ಹೋತೇನು?" ನಾನು ಸುಮ್ಮನಿದ್ದರೆ ಮತ್ತೆ ತಿಕ್ಕುವಳು. ನೀರಿನ ಮೇಲೆ ಅವಳಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ನೀರು ಗಂಗವ್ವ, ಗಂಗವ್ವ ಹೊಲಸಾಗುವುದುಂಟೆ? ತಪ್ಪೇನಿದ್ದರೂ ಕೊಡದ್ದು, ತಿಕ್ಕುವ ಕೈಯದ್ದು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅದೇ ಬಾವಿ ಆರಿಸಿಕೊಂಡೆ. ಪ್ರಯೋಗಾಲಯದ ಕಂದು ಗಾಜಿನ ಬಾಟಲಿಗಳನ್ನು ಕಟ್ಟೆಯ ಮೇಲಿಟ್ಟು, ಹಗ್ಗ ಬಿಚ್ಚಿ ತರುವಷ್ಟರಲ್ಲಿ ಅತ್ತೆ ಅವನ್ನೂ ಬೂದಿ ಹಾಕಿ ತಿಕ್ಕಿ ಬೋರಲು ಹಾಕಿದ್ದಳು.

"ಅಯ್ಯ ಅತ್ತಿ! ಬೂದಿ ಹತ್ತಿದ್ರ ಪರೀಕ್ಷಾ ಕೆಡ್ತದ, ಇವು ಇನ್ನ ನಡ್ಯಂಗಿಲ್ಲ."

"ನಮ್ಮ ನೀರು ಪರೀಕ್ಷಾಕ್ಕ ಹೊಂಟದ. ಹೊಲಸು ಬಾಟ್ಲ್ಯಾಗ ಕಳಸಲೇನು?"

ನಾನು ನಕ್ಕೆ. ಅವಳು ನಗಲಿಲ್ಲ. ಪರೀಕ್ಷೆ ನೀರಿನದು ಅಂತ ನಾನು ತಿಳಿದಿದ್ದೆ. ಅವಳಿಗೆ ಅದು ತನ್ನದು.

ಬೇರೆ ಬಾಟಲಿ ತಂದೆ. ನನ್ನ ಮೇಷ್ಟ್ರು ಬಂದು ಟ್ಯಾಂಕಿಗೂ ಬಾವಿಗೂ ನಡುವೆ ಕೊರೆಸಿದರು. ಮೇಲಿನ ಎರೆಮಣ್ಣು ಸರಿಯಾಗಿಯೇ ಇತ್ತು. ಕೆಳಗಿನ ಗರಸು ಮಣ್ಣು ಮೂಗಿಗೆ ಹಿಡಿದರೆ ಲಾರಿ ಗ್ಯಾರೇಜು. ಸಾಹುಕಾರರು ಹೇಳಿದ ಕಲ್ಲೂ ಇತ್ತು, ಖರೆ. ಆದರೆ ಆ ಕಲ್ಲಿಗೆ ಬಿರುಕುಗಳಿದ್ದವು.

ಫಲಿತಾಂಶ ಬಂದ ದಿನ ಅತ್ತೆ ಕೊಡ ತಿಕ್ಕುತ್ತಲೇ ಇದ್ದಳು. ಎದುರಿಗೆ ಕೂತು ಹೇಳಿದೆ. "ಟ್ಯಾಂಕಿನ ಎಣ್ಣಿ ಬಾವಿಗಿ ಇಳದದ ಅತ್ತಿ. ಕುಡಿಯಾಕ ಆಗಂಗಿಲ್ಲ. ಕೊಡದ್ದು ತಪ್ಪಿಲ್ಲ."

ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. "ಹಂಗಾರ ನನ್ನ ಕೊಡಾ ಸ್ವಚ್ಛ ಇದ್ದುವಲ್ಲ?"

"ಇದ್ದುವು."

ನಾರು ಕೆಳಗಿಟ್ಟಳು. ಸ್ವಲ್ಪ ಹೊತ್ತಿಗೆ ಆ ಮುಖ ಅಲ್ಲೇ ಬಾಡಿತು. "ಮತ್ತ, ಕುಡಿದು ಹೋದವ್ರು?"



ಮರುದಿನ ತಾನೇ ಜಾಲಿ ಕಂಟಿ ಎಳೆತಂದು ಬಾವಿಯ ಬಾಯಿಗೆ ಹಾಕಿದಳು. ಅರವಟಿಗೆ ಮಾತ್ರ ಕಿತ್ತಲಿಲ್ಲ. ಖಾಲಿ ಕೊಡಗಳ ಹಿಂದೆ ಕೂತು, ಬಂದವರಿಗೆಲ್ಲ, "ಇಲ್ಲಿ ನೀರಿಲ್ರಿ, ಮುಂದ ಹೋಗ್ರಿ" ಎನ್ನುತ್ತಿದ್ದಳು. ಹಾಗೆ ಹೇಳುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ವರದಿ ಹಿಡಿದು ಸಾಹುಕಾರರಲ್ಲಿಗೆ ಹೋದೆ. "ಎಣ್ಣಿ ಮ್ಯಾಲ ನನ್ನ ಹೆಸರು ಬರದದೇನು?" ಎಂದರು. ಕಚೇರಿಗಳಿಗೂ ಕೊಟ್ಟೆ, ನೋಡ್ತೀವಿ ಅಂದರು. ಟ್ಯಾಂಕುಗಳು ಇವತ್ತಿಗೂ ಅಲ್ಲೇ ಇವೆ.

ಆ ಚಳಿಗಾಲದಲ್ಲೇ ಅತ್ತೆ ಹಾಸಿಗೆ ಹಿಡಿದಳು. ರಕ್ತ ಕೆಟ್ಟಿದೆ ಅಂದರು ಡಾಕ್ಟರು. ಎಲ್ಲರಿಗಿಂತ ಹೆಚ್ಚು ಆ ನೀರು ಕುಡಿದವಳು ಅವಳೇ. ನೀರಿನಿಂದಲೇ ಅಂತ ನಾನು ಬರೆಯಲಾರೆ. ಅಲ್ಲ ಅಂತಲೂ ಬರೆಯಲಾರೆ. ಕೊನೆಗೆ ಬಾಯಿಗೆ ನೀರು ಬಿಡಲು ಹೋದಾಗ ತುಟಿ ಬಿಗಿಹಿಡಿದು, "ಯಾವ ಬಾವೀದು?" ಅಂತ ಕೇಳಿದಳು.

ಘಟಿಕೋತ್ಸವಕ್ಕೆ ಅಪ್ಪ ಬಂದಿದ್ದ. ಹೊರಗೆ ಬಂದು ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದ. ಓದಲು ಬಾರದವನು, ಎರಡೂ ಕಡೆ ತಿರುಗಿಸಿ ನೋಡಿದ. ಮೂಗಿನ ಹತ್ತಿರ ತಂದು ಮೂಸಿದ.

"ಅಕ್ಕ ಇದ್ದಿದ್ರ," ಅಂದ, "ಇದನ್ನೂ ಒಮ್ಮಿ ಬೂದಿ ಹಾಕಿ ತಿಕ್ಕತಿದ್ಳು ನೋಡು."